ಸ್ಪೈನಾ ಬಿಫಿಡಾ ಮತ್ತು ಫಿಸಿಯೋಥೆರಪಿ: ನಮ್ಮ ಸಂಘಗಳು ತಿಳಿಯಬೇಕಾದದ್ದು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನಮ್ಮ ಪುನರ್ವಸತಿ ವಿಭಾಗದ ವತಿಯಿಂದ ಆಡಿದ ಮಾತುಗಳು)



ಪ್ರತಿ ಸಭೆಯಲ್ಲೂ ನಾವು ಉಳಿತಾಯ, ಸಾಲ, ಮರುಪಾವತಿ, ಲೆಕ್ಕದ ಪುಸ್ತಕ ಅಂತ ಮಾತಾಡ್ತೀವಿ. ಇವತ್ತಿನ ವಿಷಯ ಬೇರೆ. ಆದರೆ ಇದನ್ನೂ ಒಂದು ಸಂಘದ ಹಾಜರಿ ಪುಸ್ತಕದಿಂದಲೇ ಶುರು ಮಾಡೋಣ.

ನಮ್ಮ ಒಂದು ಸಂಘದಲ್ಲಿ ಒಬ್ಬ ಸದಸ್ಯೆಯ ಹೆಸರಿನ ಮುಂದೆ ಏಳು ವಾರ ಸತತವಾಗಿ ಗೈರುಹಾಜರಿ ಬಿದ್ದಿತ್ತು. ನಿಯಮದ ಪ್ರಕಾರ ದಂಡ ಹಾಕಿದರು. "ಸಾಲ ಕಟ್ಟೋಕೆ ಆಗದೆ ತಪ್ಪಿಸಿಕೊಳ್ತಿದಾಳೆ" ಅಂತ ಕೆಲವರು ಆಡಿಕೊಂಡರು. ನಾವು ಮನೆಗೆ ಹೋಗಿ ನೋಡಿದಾಗ ವಿಷಯ ಬೇರೆಯೇ ಇತ್ತು. ಆ ತಾಯಿಯ ಕಂಕುಳಲ್ಲಿ ಎರಡೂವರೆ ವರ್ಷದ ಹೆಣ್ಣುಮಗು. ಮಾತು ಚುರುಕು, ನಗು ಮುಖ. ಆದರೆ ಎರಡೂ ಮಂಡಿ ಮಡಿಚಿದ ಹಾಗೇ ಬಿಗಿದುಕೊಂಡಿದ್ದವು. ಹುಟ್ಟಿದಾಗ ಮಗುವಿನ ಬೆನ್ನಿನ ಕೆಳಭಾಗದಲ್ಲಿ ನೀರುಗುಳ್ಳೆಯಂಥ ಒಂದು ಗಂಟು ಇತ್ತಂತೆ. ಆಪರೇಷನ್ ಆಗಿತ್ತು. ಆಸ್ಪತ್ರೆಯಿಂದ ಕೊಟ್ಟ ಕಾಗದದಲ್ಲಿ "ಫಿಸಿಯೋಥೆರಪಿ ಮುಂದುವರಿಸಿ" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಅದು ಏನು, ಯಾಕೆ, ಎಲ್ಲಿ ಅಂತ ಆ ತಾಯಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮೂರು ಸಲ ಪಟ್ಟಣಕ್ಕೆ ಹೋಗಿ ಬಂದಿದ್ದರು. ಬಸ್ ಚಾರ್ಜು, ಕೂಲಿ ನಷ್ಟ, ಮನೆಯಲ್ಲಿ ಮಾತು. ನಾಲ್ಕನೇ ಸಲ ಹೋಗಲಿಲ್ಲ. "ಬೆನ್ನಿಗೆ ಹೊಲಿಗೆ ಹಾಕಿದ ಮೇಲೆ ಎಲ್ಲಾ ಮುಗೀತು ಅಂದುಕೊಂಡಿದ್ದೆ" ಅಂದರು.

ಸಹೋದರಿಯರೇ, ಆಪರೇಷನ್ ಆದ ಮೇಲೆ ಮುಗಿಯುವುದಿಲ್ಲ, ಆವಾಗಲೇ ಶುರುವಾಗುತ್ತದೆ. ಇದನ್ನು ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇವೆ.

ಸ್ಪೈನಾ ಬಿಫಿಡಾ ಅಂದರೆ ಏನು?

ಇದಕ್ಕೆ ಕನ್ನಡದಲ್ಲಿ ಸೀಳು ಬೆನ್ನು ಅಂತ ಹೇಳಬಹುದು. ನಮ್ಮ ಬೆನ್ನುಮೂಳೆಯೊಳಗೆ ಬೆನ್ನುಹುರಿ ಅಂತ ಒಂದು ನರಗಳ ಕಟ್ಟು ಇದೆ. ಮೆದುಳಿನಿಂದ ಕೈಕಾಲಿಗೆ, ಮೂತ್ರಕೋಶಕ್ಕೆ, ಮಲದ ಜಾಗಕ್ಕೆ ಸುದ್ದಿ ಹೋಗುವುದು ಬರುವುದು ಎಲ್ಲಾ ಇದರ ಮೂಲಕವೇ. ಮಗು ಗರ್ಭದಲ್ಲಿ ಮೂಡುವಾಗ ಈ ಬೆನ್ನುಹುರಿ ಮೊದಲು ಚಪ್ಪಟೆಯಾಗಿರುತ್ತದೆ. ಎರಡು ಅಂಚೂ ಮಡಿಚಿಕೊಂಡು ಕೊಳವೆಯಾಗಿ ಮುಚ್ಚಿಕೊಳ್ಳುತ್ತದೆ, ನಾವು ವೀಳ್ಯದೆಲೆ ಸುರುಳಿ ಸುತ್ತಿದ ಹಾಗೆ. ಎಲ್ಲೋ ಒಂದು ಕಡೆ ಮುಚ್ಚದೆ ಉಳಿದರೆ ಅಲ್ಲಿ ಸೀಳು ಬೀಳುತ್ತದೆ.

ಇದರಲ್ಲಿ ಮೂರು ಬಗೆ ಇದೆ. ಒಂದನೆಯದು ಚರ್ಮದ ಕೆಳಗೆ ಮೂಳೆ ಮಾತ್ರ ಕೂಡದೆ ಇರುವುದು. ಹೆಚ್ಚಿನವರಿಗೆ ಇದರಿಂದ ತೊಂದರೆ ಇಲ್ಲ. ಬೇರೆ ಕಾರಣಕ್ಕೆ ಎಕ್ಸ್‌ರೇ ತೆಗೆಸಿದಾಗ ಗೊತ್ತಾಗುವುದೂ ಉಂಟು. ಎರಡನೆಯದರಲ್ಲಿ ನೀರು ತುಂಬಿದ ಚೀಲ ಹೊರಗೆ ಬಂದಿರುತ್ತದೆ, ಒಳಗೆ ಬೆನ್ನುಹುರಿ ಇರುವುದಿಲ್ಲ. ಮೂರನೆಯದರಲ್ಲಿ ಚೀಲದ ಜೊತೆ ಬೆನ್ನುಹುರಿ, ನರಗಳೂ ಹೊರಗೆ ಬಂದಿರುತ್ತವೆ. ಇದೇ ಕಠಿಣವಾದದ್ದು. ನಾವು ಹೇಳಿದ ಮಗುವಿಗೆ ಇದ್ದದ್ದೂ ಇದೇ.

ಸೀಳು ಬೆನ್ನಿನಲ್ಲಿ ಎಷ್ಟು ಕೆಳಗಿದೆಯೋ ಕಾಲಿನ ಶಕ್ತಿ ಅಷ್ಟು ಹೆಚ್ಚು ಉಳಿದಿರುತ್ತದೆ. ತೀರಾ ಕೆಳಗಿದ್ದರೆ ಮಕ್ಕಳು ಚಿಕ್ಕ ಕ್ಯಾಲಿಪರ್ ಹಾಕಿಕೊಂಡು ಅಥವಾ ಹಾಗೇ ನಡೆಯುತ್ತಾರೆ. ಸೊಂಟದ ನಡುಭಾಗದಲ್ಲಿದ್ದರೆ ಕ್ಯಾಲಿಪರ್, ಊರುಗೋಲು ಬೇಕಾಗಬಹುದು. ಎದೆಯ ಹಿಂಭಾಗದಲ್ಲಿದ್ದರೆ ಓಡಾಟಕ್ಕೆ ಗಾಲಿಕುರ್ಚಿಯೇ ಮುಖ್ಯ ಆಧಾರ. ಕಾಲಿನ ಶಕ್ತಿ ಹೋದ ಕಡೆ ಸ್ಪರ್ಶಜ್ಞಾನವೂ ಕಡಿಮೆ. ಬಿಸಿ, ನೋವು, ಚುಚ್ಚಿದ್ದು ಗೊತ್ತಾಗುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ, ಮುಂದೆ ಮತ್ತೆ ಹೇಳ್ತೀವಿ.

ತಪ್ಪು ಯಾರದು?

ಮಗುವನ್ನು ನೋಡಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಇದು. "ಗ್ರಹಣದ ದಿನ ಹೊರಗೆ ಬಂದಿದ್ದಳಾ? ಯಾರ ಶಾಪ?" ಅಂತ. ಸಹೋದರಿಯರೇ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಶಾಪವೂ ಅಲ್ಲ, ಪಾಪವೂ ಅಲ್ಲ. ಕೊಳವೆ ಮುಚ್ಚುವ ಕೆಲಸ ಗರ್ಭ ನಿಂತ 28 ದಿನದೊಳಗೆ ಮುಗಿದುಹೋಗುತ್ತದೆ. ಆ ಹೊತ್ತಿಗೆ ಹೆಚ್ಚಿನ ಹೆಂಗಸರಿಗೆ ತಾವು ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ. ಗೊತ್ತೇ ಇಲ್ಲದಾಗ ಆದದ್ದಕ್ಕೆ ತಾಯಿಯನ್ನು ದೂರುವುದು ಯಾವ ನ್ಯಾಯ?

ಕಾರಣ ಒಂದೇ ಅಲ್ಲ. ವಂಶದ ಗುಣ ಸ್ವಲ್ಪ, ಪೋಷಣೆಯ ಕೊರತೆ ಸ್ವಲ್ಪ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಫಿಟ್ಸಿಗೆ ಕೊಡುವ ವಾಲ್‌ಪ್ರೋಯೇಟ್ ಎಂಬ ಮಾತ್ರೆ ಇವೂ ಅಪಾಯ ಹೆಚ್ಚಿಸುತ್ತವೆ. ಹಾಗಂತ ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮಗು ಬೇಕು ಅಂದುಕೊಂಡಾಗಲೇ ವೈದ್ಯರ ಹತ್ತಿರ ಮಾತಾಡಿ.

ನಮ್ಮ ಕೈಯಲ್ಲಿರುವುದು ಫೋಲಿಕ್ ಆಸಿಡ್ ಎಂಬ ಜೀವಸತ್ವ. 1991ರಲ್ಲಿ ಏಳು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಹಿಂದೆ ಇಂಥ ಮಗು ಹುಟ್ಟಿದ್ದ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲೇ ಫೋಲಿಕ್ ಆಸಿಡ್ ತಗೊಂಡಾಗ ಈ ತೊಂದರೆ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಯಿತು. ಆದ್ದರಿಂದ ಮಗು ಬೇಕು ಅನ್ನುವ ಪ್ರತಿಯೊಬ್ಬರೂ ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳ ಮೊದಲಿನಿಂದ ಮೂರು ತಿಂಗಳು ತುಂಬುವ ತನಕ ದಿನಾ 400 ಮೈಕ್ರೋಗ್ರಾಂ ತಗೊಳ್ಳಬೇಕು. ಹಿಂದೆ ಇಂಥ ಮಗು ಹುಟ್ಟಿದ್ದರೆ ಹತ್ತು ಪಟ್ಟು ಹೆಚ್ಚು, ಅಂದರೆ 4 ಮಿಲಿಗ್ರಾಂ ಬೇಕು. ಅದನ್ನು ವೈದ್ಯರೇ ಬರೆದುಕೊಡಬೇಕು. ಸೊಪ್ಪು, ಹೆಸರುಕಾಳು, ಕಡಲೆ, ಅಲಸಂದೆ ತಿನ್ನಿ. ಬೇಯಿಸಿದ ನೀರು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಪದ್ಧತಿ ಒಳ್ಳೆಯದೇ. ಆದರೆ ಊಟ ಒಂದರಿಂದಲೇ ಸಾಲುವುದಿಲ್ಲ, ಮಾತ್ರೆಯೂ ಬೇಕು. ತಾಯಿ ಕಾರ್ಡ್ ಮಾಡಿಸಿದ ಮೇಲೆ ಶುರು ಮಾಡಿದರೆ ಆ 28 ದಿನ ಕಳೆದುಹೋಗಿರುತ್ತದೆ. ಮದುವೆ ನಿಶ್ಚಯವಾದ ಹೆಣ್ಣುಮಕ್ಕಳಿಗೆ ಈ ಮಾತು ಹೇಳುವುದು ನಮ್ಮ ನಿಮ್ಮ ಕೆಲಸ.

ಮಗು ಹುಟ್ಟಿದ ಮೇಲೆ

ಬೆನ್ನಿನ ಮೇಲೆ ಗಂಟು, ಚೀಲ, ತೆರೆದ ಗಾಯ ಕಂಡರೆ ಅರಿಶಿನ, ಎಣ್ಣೆ, ಬೂದಿ ಏನೂ ಹಚ್ಚಬೇಡಿ. ಆಸ್ಪತ್ರೆಯವರು ಹೇಳಿದ ಹಾಗೆ ಶುಭ್ರವಾದ ಒದ್ದೆ ಬಟ್ಟೆ ಮುಚ್ಚಿ, ಮಗುವನ್ನು ಅಂಗಾತ ಮಲಗಿಸದೆ ಮಗ್ಗುಲಿಗೆ ಅಥವಾ ಹೊಟ್ಟೆಯ ಮೇಲೆ ಮಲಗಿಸಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ತೆರೆದ ಸೀಳನ್ನು ಎರಡು ಮೂರು ದಿನದೊಳಗೆ ಮುಚ್ಚಿದರೆ ಸೋಂಕಿನ ಭಯ ಕಡಿಮೆ.

ಇಂಥ ಮಕ್ಕಳಲ್ಲಿ ಅನೇಕರಿಗೆ ತಲೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಅದಕ್ಕೆ ಶಂಟ್ ಎಂಬ ಸಣ್ಣ ಕೊಳವೆ ಹಾಕಿ ನೀರು ಹೊಟ್ಟೆಗೆ ಹೋಗುವ ಹಾಗೆ ಮಾಡ್ತಾರೆ. ಶಂಟ್ ಕಟ್ಟಿಕೊಂಡರೆ ವಾಂತಿ, ತಲೆನೋವು, ಮಂಪರು, ನೆತ್ತಿ ಉಬ್ಬುವುದು, ಕಣ್ಣು ಕೆಳಕ್ಕೆ ಇಳಿದ ಹಾಗೆ ಕಾಣುವುದು ಆಗುತ್ತದೆ. ದೃಷ್ಟಿ ಆಯ್ತು ಅಂತ ಇಳಿ ತೆಗೆಯುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಇದು ಜೀವದ ಪ್ರಶ್ನೆ.

ಫಿಸಿಯೋಥೆರಪಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಮೊದಲು ಮಾಡದೇ ಇರುವುದನ್ನು ಹೇಳಿಬಿಡ್ತೀವಿ. ಹಾಳಾದ ನರವನ್ನು ಫಿಸಿಯೋಥೆರಪಿ ಮತ್ತೆ ಬೆಳೆಸುವುದಿಲ್ಲ. ಹಾಗೆ ಮಾಡ್ತೀವಿ ಅಂತ ಎಣ್ಣೆ, ಲೇಹ್ಯ, ಯಂತ್ರ ಮಾರುವವರು ಬಂದರೆ ನಂಬಿ ಸಂಘದಿಂದ ಸಾಲ ತೆಗೆಯಬೇಡಿ.

ಅದು ಮಾಡುವುದು ಮೂರು ಕೆಲಸ. ಕೀಲುಗಳು ಬಿಗಿಯದ ಹಾಗೆ ಕಾಪಾಡುತ್ತದೆ. ಶಕ್ತಿ ಇರುವ ಭಾಗಗಳನ್ನು, ಅಂದರೆ ಕೈ, ಹೆಗಲು, ಹೊಟ್ಟೆ, ಬೆನ್ನನ್ನು ಬಲಪಡಿಸುತ್ತದೆ. ಮಗು ತನ್ನ ದೇಹದಿಂದ ಎಷ್ಟು ಸಾಧ್ಯವೋ ಅಷ್ಟು ತಾನೇ ಓಡಾಡುವುದನ್ನು ಕಲಿಸುತ್ತದೆ.

ಮಂಡಿ ಯಾಕೆ ಬಿಗಿಯುತ್ತದೆ? ಮಡಿಚುವ ಸ್ನಾಯುವಿಗೆ ಶಕ್ತಿ ಇದ್ದು ಚಾಚುವ ಸ್ನಾಯುವಿಗೆ ಇಲ್ಲದಿದ್ದರೆ ಕಾಲು ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ. ಮಗುವನ್ನು ದಿನವೆಲ್ಲಾ ಕಂಕುಳಲ್ಲಿ, ತೊಟ್ಟಿಲಲ್ಲಿ ಮಡಿಚಿದ ಸ್ಥಿತಿಯಲ್ಲೇ ಇಟ್ಟರೆ ಸ್ನಾಯು ಅಷ್ಟಕ್ಕೇ ಗಿಡ್ಡವಾಗುತ್ತದೆ. ಬಳಸದೆ ಬಿಟ್ಟ ಬಾಗಿಲ ಕೀಲು ತುಕ್ಕು ಹಿಡಿಯುವುದಿಲ್ಲವೇ, ಹಾಗೆ. ಆಮೇಲೆ ಬಿಡಿಸಬೇಕಾದರೆ ಪ್ಲಾಸ್ಟರ್, ಆಪರೇಷನ್ನು. ಮೊದಲೇ ದಿನಾ ಸ್ವಲ್ಪ ಹೊತ್ತು ಆಡಿಸಿದ್ದರೆ ಅದರಲ್ಲಿ ಎಷ್ಟೋ ತಪ್ಪುತ್ತದೆ.

ಮನೆಯಲ್ಲಿ ಮಾಡುವುದು

ಫಿಸಿಯೋ ತಿಂಗಳಿಗೆ ಒಂದು ಸಲವೋ ಎರಡು ಸಲವೋ ನೋಡಬಹುದು. ಉಳಿದ ದಿನ ಮಗು ಇರುವುದು ಮನೆಯಲ್ಲಿ. ಆದ್ದರಿಂದ ತಾಯಿಗೆ ಕಲಿಸುವುದೇ ನಿಜವಾದ ಚಿಕಿತ್ಸೆ. ಕೆಲವು ಮುಖ್ಯ ವಿಷಯ ಹೇಳ್ತೀವಿ. ನಿಮ್ಮ ಮಗುವಿಗೆ ಯಾವುದು, ಎಷ್ಟು ಸಲ ಅನ್ನುವುದನ್ನು ಫಿಸಿಯೋ ನೋಡಿಯೇ ತೀರ್ಮಾನಿಸಬೇಕು.

1. ಮೊದಲ ವರ್ಷ: ಬಟ್ಟೆ ಬದಲಾಯಿಸುವಾಗೆಲ್ಲಾ ಸೊಂಟ, ಮಂಡಿ, ಪಾದದ ಕೀಲನ್ನು ಒಂದೊಂದಾಗಿ ನಿಧಾನಕ್ಕೆ ಮಡಿಚಿ ಚಾಚಬೇಕು. ಬೆನ್ನಿನ ಗಾಯ ಒಣಗಿ ವೈದ್ಯರು ಒಪ್ಪಿದ ಮೇಲೆ, ಎಚ್ಚರವಾಗಿದ್ದಾಗ ಬೋರಲು ಮಲಗಿಸಿ ಮುಂದೆ ಗಿಲಕಿ ಇಡಿ. ತಲೆ ಎತ್ತುತ್ತದೆ, ಕೈ ಊರುತ್ತದೆ, ಸೊಂಟದ ಮುಂಭಾಗವೂ ಚಾಚಿಕೊಳ್ಳುತ್ತದೆ. ಪಾದ ಸೊಟ್ಟಗಿದ್ದರೆ ವಾರ ವಾರ ಪ್ಲಾಸ್ಟರ್ ಹಾಕಿ ನೇರ ಮಾಡುವ ಪೊನ್ಸೆಟಿ ವಿಧಾನ ಇದೆ. ಬೇಗ ಹೋಗಿ ಕೇಳಿ.

2. ಒಂದರಿಂದ ಮೂರು ವರ್ಷ: ಬೇರೆ ಮಕ್ಕಳು ಎದ್ದು ನಿಲ್ಲುವ ವಯಸ್ಸಿಗೆ ಈ ಮಗುವೂ ನಿಲ್ಲಬೇಕು, ಚೌಕಟ್ಟಿನ ಆಧಾರದಲ್ಲಾದರೂ ಸರಿ. ನಿಂತರೆ ಮೂಳೆಗೆ ಬಲ, ಕೈಗೆ ಬಿಡುವು, ಕಣ್ಣಿಗೆ ಪ್ರಪಂಚ. ಕೈ ಊರಿ ಮೈ ಎತ್ತುವ ಆಟ ಆಡಿಸಿ. ಮುಂದೆ ಊರುಗೋಲಿಗೂ ಗಾಲಿಕುರ್ಚಿಗೂ ಆ ಶಕ್ತಿಯೇ ಬೇಕು.

3. ಶಾಲೆಯ ವಯಸ್ಸು: ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಶೌಚದ ಜಾಗಕ್ಕೆ ತಾನೇ ಜರುಗುವುದನ್ನು ಕಲಿಸಬೇಕು. ದೊಡ್ಡವರಾಗುತ್ತಾ ತೂಕ ಹೆಚ್ಚಿ ಕೆಲವರು ನಡಿಗೆ ಬಿಟ್ಟು ಗಾಲಿಕುರ್ಚಿ ಹಿಡಿಯುತ್ತಾರೆ. ಅದು ಸೋಲಲ್ಲ. ಸುಸ್ತಾಗದೆ ಶಾಲೆ ತಲುಪುವುದು ಮುಖ್ಯ.

4. ಯಾವ ವಯಸ್ಸಿನಲ್ಲೇ ಆಗಲಿ: ನಡಿಗೆ ಮೊದಲಿಗಿಂತ ಕೆಟ್ಟಿತು, ಬೆನ್ನು ನೋವು ಹೊಸದಾಗಿ ಬಂತು, ಬೆನ್ನು ಓರೆಯಾಯಿತು, ಮೂತ್ರ ಸೋರುವುದು ಹೆಚ್ಚಾಯಿತು ಅಂದರೆ ಒಳಗೆ ಬೆನ್ನುಹುರಿ ಅಂಟಿಕೊಂಡು ಎಳೆಯುತ್ತಿರಬಹುದು. ವ್ಯಾಯಾಮ ಹೆಚ್ಚಿಸುವುದಲ್ಲ, ವೈದ್ಯರಿಗೆ ತೋರಿಸಬೇಕು.

ಮಾಡಲೇಬಾರದ ಕೆಲಸಗಳು

ನಮ್ಮಲ್ಲಿ ಮಗುವಿಗೆ ಎಣ್ಣೆ ಹಚ್ಚಿ, ಸುಡುಸುಡು ನೀರು ಹುಯ್ಯುವುದು, ಕಾಲು ಹಿಡಿದು ಎಳೆಯುವುದು, ತಲೆಕೆಳಗೆ ಮಾಡುವುದು ರೂಢಿ. ಸ್ಪೈನಾ ಬಿಫಿಡಾ ಇರುವ ಮಗುವಿಗೆ ಇದು ಅಪಾಯ. ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ, ಬೊಬ್ಬೆ ಬಂದರೂ ಮಗು ಅಳುವುದಿಲ್ಲ. ನೀರನ್ನು ನಿಮ್ಮ ಮೊಣಕೈಯಿಂದ ಮುಟ್ಟಿ ನೋಡಿಯೇ ಹುಯ್ಯಿರಿ. ಶಾಖ ಕೊಡಬೇಡಿ. ಕಾಲು ಎಳೆದರೆ ಸೊಂಟದ ಕೀಲು ಜಾರಬಹುದು. ಮೂಳೆ ಮೃದುವಾಗಿರುವುದರಿಂದ ಬಲವಂತ ಮಾಡಿದರೆ ಮುರಿಯಲೂಬಹುದು. ನೋವಿಲ್ಲದೆ ಕಾಲು ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಮೂಳೆ ಮುರಿದಿದೆಯಾ ಅಂತ ನೋಡಿಸಿ.

ನಾವು ಹೇಳಿದ ಮಗುವಿನ ಅಜ್ಜಿ ಮೊದಲು ಸಿಟ್ಟಾದರು. "ನಾನು ಎಂಟು ಮಕ್ಕಳಿಗೆ ನೀರು ಹುಯ್ದಿದೀನಿ" ಅಂದರು. ಅವರ ಕೈಯನ್ನೇ ಹಿಡಿದು ಮಗುವಿನ ಮಂಡಿ ಮೇಲಿಟ್ಟು ನಿಧಾನಕ್ಕೆ ಚಾಚುವುದನ್ನು ತೋರಿಸಿದೆವು. ಎರಡು ತಿಂಗಳಲ್ಲಿ ಆ ಮನೆಯಲ್ಲಿ ವ್ಯಾಯಾಮ ಮಾಡಿಸುವುದರಲ್ಲಿ ಅಜ್ಜಿಯೇ ಮುಂದು. ಆದ್ದರಿಂದ ಹಿರಿಯರನ್ನು ದೂರ ಇಡಬೇಡಿ, ಜೊತೆಗೆ ಕೂರಿಸಿಕೊಳ್ಳಿ.

ನಾವು ಮಾಡಿದ ತಪ್ಪು

ಇದನ್ನು ಮುಚ್ಚಿಡದೆ ಹೇಳಬೇಕು. ಆ ಮಗುವಿಗೆ ನಾವೇ ಓಡಾಡಿ ಕ್ಯಾಲಿಪರ್ ಮಾಡಿಸಿಕೊಟ್ಟೆವು. ಹಾಕಿ ನಿಲ್ಲಿಸಿದ ದಿನ ತಾಯಿ ಅತ್ತರು, ನಾವೂ ಖುಷಿಪಟ್ಟು ವಾಪಸ್ ಬಂದೆವು. ಎಂಟನೇ ದಿನ ಫೋನ್ ಬಂತು. ಹಿಮ್ಮಡಿಯಲ್ಲಿ ಹುಣ್ಣು, ಕೀವು. ಕ್ಯಾಲಿಪರ್ ಒತ್ತಿ ಗಾಯ ಆಗಿತ್ತು, ನೋವೇ ಗೊತ್ತಾಗದ್ದರಿಂದ ಮಗು ಹೇಳಿರಲಿಲ್ಲ. ಸಾಧನ ಕೊಟ್ಟೆವು, ಚರ್ಮ ನೋಡುವುದನ್ನು ಕಲಿಸಲಿಲ್ಲ. ಹುಣ್ಣು ಮಾಯಲು ಆರು ವಾರ ಬೇಕಾಯಿತು. ಅಷ್ಟೂ ದಿನ ಕ್ಯಾಲಿಪರ್ ಮೂಲೆಯಲ್ಲಿ, ಮಂಡಿ ಮತ್ತೆ ಬಿಗಿ. ತಪ್ಪು ತಾಯಿಯದಲ್ಲ, ನಮ್ಮದು.

ಈಗ ಎಲ್ಲರಿಗೂ ಹೇಳ್ತೀವಿ. ಹೊಸ ಕ್ಯಾಲಿಪರ್ ಮೊದಲ ದಿನ ಅರ್ಧ ಗಂಟೆ ಸಾಕು. ಒಳಗೆ ಸುಕ್ಕಿಲ್ಲದ ಹತ್ತಿ ಕಾಲುಚೀಲ ಇರಲಿ. ಬಿಚ್ಚಿದ ಕೂಡಲೇ ಪಾದ, ಹಿಮ್ಮಡಿ, ಮಂಡಿ ನೋಡಿ. ಕೆಂಪು ಕಲೆ ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಮತ್ತೆ ಹಾಕಬೇಡಿ, ಸರಿ ಮಾಡಿಸಿ. ನೆಲದಲ್ಲಿ ತೆವಳುವ ಮಗುವಿಗೆ ದಪ್ಪ ಚಡ್ಡಿ, ಕಾಲುಚೀಲ ಹಾಕಿ. ಕೂರುವ ಜಾಗವನ್ನು ದಿನಾ ರಾತ್ರಿ ನೋಡಿ. ಗಾಲಿಕುರ್ಚಿಯಲ್ಲಿ ಮೆತ್ತೆ ಇರಲಿ, ಆಗಾಗ ಕೈ ಊರಿ ಮೈ ಎತ್ತಲಿ.

ಮೂತ್ರದ ವಿಷಯ ನಾಚಿಕೆಯದಲ್ಲ

ಮೂತ್ರಕೋಶ ಪೂರ್ತಿ ಖಾಲಿಯಾಗದಿದ್ದರೆ ಸೋಂಕು ಬಂದು ಮೂತ್ರಪಿಂಡ ಕೆಡುತ್ತದೆ. ಕಾಲಿಗಿಂತಲೂ ಇದು ದೊಡ್ಡ ಅಪಾಯ. 1972ರಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡೀಸ್ ಒಂದು ಸರಳ ವಿಧಾನ ತೋರಿಸಿಕೊಟ್ಟರು. ಸೋಪಿನಿಂದ ಕೈ ತೊಳೆದು, ಶುಭ್ರವಾದ ಸಣ್ಣ ನಳಿಕೆ ಹಾಕಿ ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರ ಖಾಲಿ ಮಾಡುವುದು. ಆಸ್ಪತ್ರೆಯಲ್ಲಿ ಕಲಿತ ಮೇಲೆ ತಾಯಿ ಮನೆಯಲ್ಲೇ ಮಾಡಬಹುದು. ದೊಡ್ಡದಾದ ಮೇಲೆ ಎಷ್ಟೋ ಮಕ್ಕಳು ತಾವೇ ಮಾಡಿಕೊಳ್ಳುತ್ತಾರೆ. ಇನ್ನೊಂದು ಮಾತು, ಈ ಮಕ್ಕಳಲ್ಲಿ ಅನೇಕರಿಗೆ ರಬ್ಬರಿನ ಅಲರ್ಜಿ ಬರುತ್ತದೆ. ಬಲೂನು, ರಬ್ಬರ್ ಕೈಗವಸು ದೂರ ಇಡಿ.

ಎಲ್ಲಿಗೆ ಹೋಗಬೇಕು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಅದರ ಪಟ್ಟಿಯಲ್ಲಿ ಈ ತೊಂದರೆಯೂ ಇದೆ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಹತ್ತಿರ ಕೇಳಿದರೆ ತಂಡದವರಿಗೆ ತಿಳಿಸುತ್ತಾರೆ. ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯು.ಡಿ.ಐ.ಡಿ. ಕಾರ್ಡ್, ಮಾಸಾಶನ, ಸಾಧನ ಸಲಕರಣೆಗೆ ಅವರನ್ನು ಹಿಡಿಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡ 40 ಅಥವಾ ಹೆಚ್ಚು ಅಂಗವಿಕಲತೆ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. "ನಮ್ಮಲ್ಲಿ ಆಗಲ್ಲ" ಅಂತ ಶಾಲೆಯವರು ಹೇಳಿದರೆ ಇದನ್ನು ತಿಳಿಸಿ.

ಸಂಘ ಏನು ಮಾಡಬಹುದು?

ಮೊದಲು ಹೇಳಿದ ಸಂಘಕ್ಕೆ ವಾಪಸ್ ಬರೋಣ. ವಿಷಯ ತಿಳಿದ ಮೇಲೆ ಸದಸ್ಯೆಯರು ಹಾಕಿದ್ದ ದಂಡವನ್ನು ಠರಾವು ಮಾಡಿ ತೆಗೆದುಹಾಕಿದರು. ವಾರದ ಸಭೆಯನ್ನು ಆ ತಾಯಿಯ ಮನೆಯ ಜಗಲಿಗೇ ಬದಲಾಯಿಸಿದರು. ಇಬ್ಬರು ಸದಸ್ಯೆಯರು ನಮ್ಮ ಜೊತೆ ಕೂತು ವ್ಯಾಯಾಮ ಕಲಿತರು. ತಾಯಿ ಕೂಲಿಗೆ ಹೋದ ದಿನ ಅವರು ಬಂದು ಮಾಡಿಸಿದರು. ಪಟ್ಟಣಕ್ಕೆ ಹೋಗುವ ದಿನ ಒಬ್ಬರು ಜೊತೆಗೆ ಹೋದರು. ನಿಲ್ಲುವ ಚೌಕಟ್ಟನ್ನು ಫಿಸಿಯೋ ಅಳತೆ ಕೊಟ್ಟ ಹಾಗೆ ಊರಿನ ಬಡಗಿಯೇ ಮಾಡಿಕೊಟ್ಟರು.

ಆ ಹುಡುಗಿ ಈಗ ಶಾಲೆಗೆ ಹೋಗ್ತಾಳೆ. ತರಗತಿಯೊಳಗೆ ವಾಕರ್, ದೂರಕ್ಕೆ ಗಾಲಿಕುರ್ಚಿ. ಬಲಗಡೆಯ ಮಂಡಿ ಇವತ್ತಿಗೂ ಪೂರ್ತಿ ನೇರ ಆಗುವುದಿಲ್ಲ. ಕಳೆದುಹೋದ ಆ ಎರಡು ವರ್ಷ ಅಲ್ಲಿ ಉಳಿದುಕೊಂಡಿದೆ. ಇನ್ನೊಂದು ಮಗುವಿಗೆ ಹಾಗಾಗಬಾರದು ಅನ್ನುವುದೇ ನಮ್ಮ ಆಸೆ.

ಆದ್ದರಿಂದ ನಿಮ್ಮಲ್ಲಿ ಮೂರು ಕೋರಿಕೆ. ನಿಮ್ಮ ಬೀದಿಯಲ್ಲಿ ಮದುವೆಯಾಗುವ ಪ್ರತಿ ಹೆಣ್ಣುಮಗಳಿಗೂ ಫೋಲಿಕ್ ಆಸಿಡ್ ವಿಷಯ ಹೇಳಿ. ಬೆನ್ನಿನ ಗಂಟಿನ ಆಪರೇಷನ್ ಆದ ಮಗು ಎಲ್ಲಾದರೂ ಇದ್ದರೆ, ವಯಸ್ಸು ಎಷ್ಟೇ ಆಗಿರಲಿ, ನಮಗೆ ತಿಳಿಸಿ. ಮತ್ತೆ, ಹಾಜರಿ ಪುಸ್ತಕದಲ್ಲಿ ಯಾರದಾದರೂ ಹೆಸರಿನ ಮುಂದೆ ಎರಡು ವಾರ ಗೈರುಹಾಜರಿ ಕಂಡರೆ ದಂಡ ಬರೆಯುವ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಬನ್ನಿ.